ಖಾಲಿ ಇದ್ದ ಹೆಸರು

ಜನರ ಹೆಸರುಗಳನ್ನು ಕೂಡಿಹಾಕುವುದೇ ನನ್ನ ಕಸುಬಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲೂಕುಗಳಲ್ಲಿ ನಾನು ಕಟ್ಟೆಯ ಮೇಲೆ ಕೂತು ಹೆಸರು ಕೇಳದ ಊರು ಕಡಿಮೆ. ಈ ವಿದ್ಯೆಯನ್ನು ನಾಮಶಾಸ್ತ್ರ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಆನೊಮ್ಯಾಸ್ಟಿಕ್ಸ್, ಹೆಸರು ಎಂಬ ಅರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಪದ. ಸಭೆಗಳಲ್ಲಿ ಯಾರಾದರೂ ಈ ಶಾಸ್ತ್ರದ ಪರಿಭಾಷೆ ಎಲ್ಲಿಂದ ಬಂತು ಎಂದು ಕೇಳಿದರೆ ಗ್ರೀಕನ್ನೂ ಸಂಸ್ಕೃತವನ್ನೂ ಹೇಳಿ ಚಪ್ಪಾಳೆ ತೆಗೆದುಕೊಂಡು ಬರುತ್ತೇನೆ. ಅದು ಸಭೆಗೆ. ನನ್ನ ಮಟ್ಟಿಗೆ ಆ ಪದಗಳೆಲ್ಲ ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ, ಅಜ್ಜಿಯ ಬಾಯಲ್ಲಿ, ಗ್ರೀಕರ ಹಂಗಿಲ್ಲದೆ ಹುಟ್ಟಿದವು. ತೊಟ್ಟಿಲಿಗೆ ಹಾಕಿದ ದಿನ ಇಟ್ಟದ್ದು ತೊಟ್ಟಿಲ ಹೆಸರು. ದಿನಾ ಕೂಗುವುದು ಕರಿಯೋ ಹೆಸರು. ಸಾಲಿಯ ದಫ್ತರದಲ್ಲಿ ಏರಿಸಿದ್ದು ಬರಿಯೋ ಹೆಸರು. ಮನೆತನಕ್ಕೆ ಅಂಟಿಕೊಂಡದ್ದು ಅಡ್ಡಹೆಸರು. ಅಜ್ಜಿಗೆ ಕೋಪ ಬಂದಾಗ ಹುಟ್ಟಿ ಕೋಪ ಇಳಿದಾಗ ಸಾಯುವುದು ಸಿಟ್ಟಿನ ಹೆಸರು. ಮುಂದೆ ದಪ್ಪ ದಪ್ಪ ಪುಸ್ತಕ ಓದಿದೆ. ಈ ಐದರ ಆಚೆಗೆ ಅವುಗಳಲ್ಲಿ ನನಗೆ ಮುಖ್ಯವೆನಿಸಿದ ವಿಭಾಗ ಒಂದೇ, ಬಾಯಿಂದ ಆಡಬಾರದ ಹೆಸರು. ಅದಂತೂ ನಮ್ಮ ಮನೆಯಲ್ಲಿ ಮಣಗಟ್ಟಲೆ ಇತ್ತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹೊಸ್ತಿಲು ದಾಟಿದರೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ. ಅಲ್ಲಿಗೆ ಬೆಳಕು ಬರುತ್ತಿದ್ದುದು ಮಾಳಿಗೆಗೆ ಕೊರೆದ ಬೆಳಕಿಂಡಿಯಿಂದ. ಅದರ ಕೆಳಗೆ ಕೂತು ಹೆಂಗಸರು ಸಜ್ಜೆ ರೊಟ್ಟಿ ಬಡಿಯುತ್ತಿದ್ದರು, ಬಡಿಯುತ್ತ ಮಾತಾಡುತ್ತಿದ್ದರು, ಮತ್ತು ಆ ಮಾತು ಎಲ್ಲೆಲ್ಲೋ ಸುತ್ತು ಹಾಕಿಕೊಂಡು ನಡೆಯುತ್ತಿತ್ತು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯದಿಂದ ಒಂದು ದಿನ ಕಳೆಯುತ್ತದೆ ಎಂದು ನಮ್ಮವರ ನಂಬಿಕೆ. ಬರೀ ಹೆಸರಲ್ಲ, ಅದರ ತುಂಡು ಸೇರಿಕೊಂಡ ಮಾತೂ ಬಾಯಿಗೆ ಬರಬಾರದು. ಅಜ್ಜನ ಹೆಸರು ಸಂಗಪ್ಪ. ಹಾಗಾಗಿ ಅಜ್ಜಿಯ ಒಲೆಯ ಮೇಲೆ ಎಂದೂ ಸಂಗಟಿ ಬೇಯಲಿಲ್ಲ, ಮುದ್ದಿ ಬೇಯಿತು. ಅಪ್ಪನ ಹೆಸರು ಸೋಮಪ್ಪ. ಅವ್ವನ ವಾರದಲ್ಲಿ ಸೋಮವಾರ ಇರಲೇ ಇಲ್ಲ, ಐತವಾರದ ಮರುದಿನ ಇತ್ತು. ಇನ್ನು ನನ್ನ ಚಿಗವ್ವ, ಅಂದರೆ ಕಾಕಾನ ಹೆಂಡತಿ ಪಾರ್ವತಿ, ಮನೆಯ ಕಿರಿಸೊಸೆ. ಮಾವ, ಭಾವ, ಗಂಡ ಮೂವರ ಹೆಸರನ್ನೂ ಬಿಡಬೇಕಾದವಳು. ಕಾಕಾನ ಹೆಸರು ಮಲ್ಲಪ್ಪ. ಆಕೆಗೆ ಸಂಗಟಿಯೂ ಇಲ್ಲ, ಸೋಮವಾರವೂ ಇಲ್ಲ, ಮಲ್ಲಿಗೆಯೂ ಇಲ್ಲ. ಮುಡಿಯುವುದು ಮಾತ್ರ ಮಲ್ಲಿಗೆಯನ್ನೇ. ಅದನ್ನು ಬಿಳಿ ಹೂವು ಅನ್ನುತ್ತಿದ್ದಳು. ನಾನು ಸಾಲಿಗೆ ಹೋದ ಹೊಸತರಲ್ಲಿ ಮಾಸ್ತರರು ವಾರದ ದಿನಗಳನ್ನು ಕೇಳಿದಾಗ, ಐತವಾರ, ಐತವಾರದ ಮರುದಿನ, ಮಂಗಳವಾರ ಎಂದು ಗಟ್ಟಿಯಾಗಿ ಒಪ್ಪಿಸಿ ಇಡೀ ಸಾಲಿಯನ್ನು ನಗಿಸಿದ್ದೆ. ನನಗೇನೂ ನಾಚಿಕೆಯಾಗಲಿಲ್ಲ. ಅವರ ಮನೆಯಲ್ಲಿ ಒಂದು ದಿನಕ್ಕೆ ಒಂದೇ ಹೆಸರಿದೆ, ನಮ್ಮ ಮನೆಯಲ್ಲಿ ಎರಡಿವೆ ಎಂದು ಬೀಗಿದೆ.

ಚಿಗವ್ವ ಗಂಗಾವತಿ ಕಡೆಯ ನವಲಿಯವಳು. ನೆಲ್ಲು ಬೆಳೆಯುವ ಮನೆಯಲ್ಲಿ ಅನ್ನ ಉಂಡು ಬೆಳೆದವಳಿಗೆ ರೊಟ್ಟಿ ತೆಳ್ಳಗೆ ಬಡಿಯಲು ಬರುತ್ತಿರಲಿಲ್ಲ. ಅಜ್ಜಿ ಆಕೆಯ ರೊಟ್ಟಿಯನ್ನು ಎತ್ತಿ ಬೆಳಕಿಂಡಿಗೆ ಹಿಡಿದು, ಇದರಾಗ ಬೆಳಕ ದಾಟೂದಿಲ್ಲ, ದನ ದಾಟಬಹುದು ಎಂದು ಮೂಗು ಮುರಿಯುತ್ತಿದ್ದಳು. ಚಿಗವ್ವ ಎದುರಾಡುತ್ತಿರಲಿಲ್ಲ, ಅಂದು ಸಾರಿಗೆ ಖಾರ ಒಂದು ಹಿಡಿ ಹೆಚ್ಚಾಗುತ್ತಿತ್ತು, ಅಷ್ಟೆ. ಆದರೆ ಹೆಸರಿನ ಕಟ್ಟುಪಾಡಿನಲ್ಲಿ ಆಕೆ ಅಜ್ಜಿಗಿಂತಲೂ ಬಿಗಿ. ಮದುವೆ, ಬಸುರಿಯರ ಕುಬಸದ ಮನೆಗಳಲ್ಲಿ ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳುವುದಕ್ಕೆ ಎಲ್ಲ ಹೆಂಗಸರಿಗೂ ರಜೆ ಇತ್ತು. ಚಿಗವ್ವ ಆ ರಜೆಯನ್ನೂ ತೆಗೆದುಕೊಂಡವಳಲ್ಲ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಕಣ್ಣಲ್ಲಿ ನೀರು ತಂದುಕೊಂಡು ಹಿತ್ತಲ ಬಾಗಿಲಿಂದ ಬಂದುಬಿಡುತ್ತಿದ್ದಳು. ಕಾಕಾನ ಮೇಲೆ ಆಕೆಗಿದ್ದ ಪ್ರೀತಿ ಅಂಥದು. ಅವನ ಒಂದು ದಿನವನ್ನೂ ಕಳೆಯಲು ಆಕೆ ತಯಾರಿರಲಿಲ್ಲ.

ಹೆಂಗಸರ ಬಾಯಿಗೆ ಹೀಗೆ ಬೀಗ ಬಿದ್ದ ಮೇಲೆ ಹೊರಗಿನವರಿಗೆ ಹೆಸರು ಹೇಳಲು ಯಾರಾದರೂ ಬೇಕಲ್ಲ. ಆ ಕೆಲಸ ನನ್ನದು. ಖಾನೇಸುಮಾರಿಗೆ ಜನರನ್ನು ಎಣಿಸುವವನು ಬರಲಿ, ಟಪಾಲಿನವನು ಬರಲಿ, ಹೊಸದಾಗಿ ಬಂದ ಬಳೆಗಾರ ಯಾರ ಮನೆಯವರು ಎಂದು ಕೇಳಲಿ, ಒಳಗಿನಿಂದ ನೀಲೀ ಎಂದು ಕೂಗು ಬರುತ್ತಿತ್ತು. ನಾನು ಓಡಿಬಂದು ಸೊಂಟದ ಮೇಲೆ ಕೈಯಿಟ್ಟು ಹೆಸರು ಹೇಳಿ ಹೋಗುತ್ತಿದ್ದೆ. ಮೊದಲು ನಮ್ಮ ಮನೆಯ ಮೂರು ಹೆಸರು, ಆಮೇಲೆ ಪಕ್ಕದ ಮನೆಯವು, ಕೊನೆಗೆ ಇಡೀ ಓಣಿಯವು ನನ್ನ ಸುಪರ್ದಿಗೆ ಬಂದವು. ಯಾವ ಶಿವಪ್ಪ ಯಾರ ಗಂಡ, ಯಾವ ಶಿವಪ್ಪನ ಬರಿಯೋ ಹೆಸರು ಶಿವಲಿಂಗಪ್ಪ, ಎಲ್ಲ ನನ್ನ ನಾಲಗೆಯ ತುದಿಯಲ್ಲಿ. ಎಂಟು ವರ್ಷದ ಹುಡುಗಿಗೆ ಓಣಿಯ ಹೆಂಗಸರೆಲ್ಲ ಹುರಿದ ಶೇಂಗಾ ಕೊಟ್ಟು ಕರೆಯುವುದೆಂದರೆ ಸಣ್ಣ ಮರ್ಯಾದೆಯಲ್ಲ. ಹೆಸರಿನಾಕಿ ಎಂದೇ ನನಗೆ ಹೆಸರು ಬಿತ್ತು. ಇಷ್ಟು ವರ್ಷಗಳಲ್ಲಿ ನನಗೆ ಬಂದ ಬಿರುದುಗಳಲ್ಲಿ ನಾನು ಮನಸಾರೆ ಒಪ್ಪಿಕೊಂಡದ್ದು ಅದೊಂದನ್ನೇ.

ಓಣಿಯಲ್ಲಿ ನಾನೂ ಹೇಳದ ಹೆಸರು ಒಂದೇ ಇತ್ತು. ಎದುರು ಮನೆಯ ರುದ್ರವ್ವ ವಿಧವೆ, ಆಕೆಗೆ ಒಬ್ಬನೇ ಮಗ, ಗುರುಶಾಂತ. ನಮ್ಮ ಕಾಕಾನ ಓರಗೆಯವನು. ಅವನಿಗೆ ಹೆಣ್ಣು ಗೊತ್ತಾಗಿ, ಸೀರೆ ಆಯಲು ಹೊರಡಬೇಕೆನ್ನುವಾಗ, ಹಿಂದಿನ ಬೇಸಿಗೆಯ ವಾಂತಿಭೇದಿಯಲ್ಲಿ ಎರಡೇ ದಿನಕ್ಕೆ ಹೋಗಿಬಿಟ್ಟ. ಆಮೇಲೆ ಆ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ರುದ್ರವ್ವ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗುತ್ತಿದ್ದಳು. ಒಲೆಯ ಮೇಲೆ ಹಾಲಿದ್ದರೆ ಹಾಲು ಉಕ್ಕಿಹೋಗಲಿ. ಅಜ್ಜಿ ನನಗೆ ಕಿವಿ ಹಿಂಡಿ ಹೇಳಿದ್ದಳು, ಆ ಹೆಸರು ನಿನ್ನ ಬಾಯಾಗ ಬಂದ್ರ ನೋಡು ಅಂತ.

ನಿಜಾಮರ ಕಾಲದ ಕೊನೆಯ ದಿನಗಳು. ಪಡುವಣ ದಿಕ್ಕಿಗೆ ಒಂದು ದಿನ ನಡೆದರೆ ಸರಹದ್ದು, ಅದರ ಆಚೆ ಬೇರೆ ಸೀಮೆ. ನಿಜಾಮರ ಆಳಿಕೆ ಬೇಡ ಎಂದ ಹುಡುಗರು ಅಲ್ಲಿ ಶಿಬಿರ ಹಾಕಿಕೊಂಡಿದ್ದರು. ಕಾಕಾ ಒಂದು ಮುಂಜಾನೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದವನು ಎತ್ತುಗಳನ್ನು ಮಾತ್ರ ವಾಪಸು ಕಳಿಸಿದ. ಅವನು ಎಲ್ಲಿದ್ದಾನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವಂತಿಲ್ಲ. ಇಂಥವರ ಮನೆ ಗೊತ್ತಾದರೆ ಅದಕ್ಕೆ ಬೀಗ ಹಾಕಿ ಗಂಡಸರನ್ನು ಹಿಡಿದುಕೊಂಡು ಹೋಗುತ್ತಾರೆ ಎಂಬುದೂ ಗೊತ್ತಿತ್ತು. ಅಜ್ಜಿ ನನ್ನನ್ನು ಕೂರಿಸಿಕೊಂಡು, ಯಾರು ಕೇಳಿದರೂ ಕಾಕಾ ಸೊಲ್ಲಾಪುರದ ಗಿರಣಿಗೆ ಹೋಗಿದ್ದಾನೆ ಅನ್ನಬೇಕು ಎಂದು ಮೂರು ಸಲ ಹೇಳಿಸಿದಳು. ಊರು ಬದಲಿಸಲು ಎಲ್ಲರಿಗೂ ಹೊಳೆಯಿತು. ಹೆಸರು ಬದಲಿಸಬೇಕೆಂದು ಹೊಳೆಯಲಿಲ್ಲ. ನಮ್ಮ ಮನೆಯ ಹೆಂಗಸರು ಅದನ್ನು ಎಷ್ಟು ದೂರ ಇಟ್ಟಿದ್ದರೆಂದರೆ ಅದು ಇದೆಯೆಂಬುದೇ ಮರೆತಿತ್ತು.

ಸಜ್ಜೆ ಬಿತ್ತುವ ಕಾಲ. ಗಂಡಸರೆಲ್ಲ ಹೊಲದಲ್ಲಿದ್ದರು. ಹೊತ್ತು ಏರಿದ ಮೇಲೆ ನಿಜಾಮರ ಪೊಲೀಸ್ ಅಮೀನನೂ ನಾಲ್ವರು ಜವಾನರೂ ನಮ್ಮ ಓಣಿಗೆ ಬಂದರು. ಅಮೀನ ನೆರೆತ ಮೀಸೆಯ, ಮೆಲುಮಾತಿನ ಮನುಷ್ಯ. ರುದ್ರವ್ವನ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದ. ಅವನ ಚೀಟಿಯಲ್ಲಿ ಇದ್ದದ್ದು ಯಲಬುರ್ಗಾದ ಮಲ್ಲಪ್ಪ ಎಂದಷ್ಟೇ. ಊರಲ್ಲಿ ಮಲ್ಲಪ್ಪಂದಿರಿಗೇನು ಕೊರತೆ, ಓಣಿಗೆ ಇಬ್ಬರು. ಯಾವ ಮಲ್ಲಪ್ಪ ಮನೆಯಲ್ಲಿಲ್ಲ ಎಂದು ಹುಡುಕುವುದೇ ಅವನ ಕೆಲಸ. ಪ್ರತಿ ಮನೆಯ ಮುತ್ತೈದೆಯರನ್ನು ಹೊಸ್ತಿಲಿಗೆ ಕರೆಸಿ, ಯಜಮಾನರ ಹೆಸರೇನು, ಎಲ್ಲಿದ್ದಾರೆ ಎಂದು ಕೇಳಿದ. ಹೆಂಗಸರು ಸೆರಗು ಎಳೆದುಕೊಂಡು ನೆಲ ನೋಡುತ್ತ ನಿಂತರು. ಅವನೂ ಈ ಸೀಮೆಯಲ್ಲೇ ಕೂದಲು ಬೆಳ್ಳಗಾದವನು, ಸಿಟ್ಟಾಗಲಿಲ್ಲ. ಹೆಸರು ಹೇಳುವ ಮಕ್ಕಳು ಯಾರಾದರೂ ಇದ್ದಾರೆಯೇ ಎಂದ. ರುದ್ರವ್ವ ತಂಬಿಗೆ ಒಳಗಿಡುತ್ತ, ಹಿಂದೆಮುಂದೆ ನೋಡದೆ, ಖಾನೇಸುಮಾರಿಯವನಿಗೆ ಹೇಳಿದ ಹಾಗೆಯೇ ಹೇಳಿಬಿಟ್ಟಳು:

"ನಮ್ಮ ಓಣ್ಯಾಗ ಹೆಸರ ಹೇಳಾಕಿ ಆ ನೀಲಿ ನೋಡ್ರಿ. ಅಕಿನ್ನ ಕೇಳ್ರಿ."

ಹೇಳಿದ ಮೇಲೆ ಆಕೆಗೆ ತಿಳಿಯಿತು. ತಂಬಿಗೆ ಕೈಯಲ್ಲೇ ಉಳಿಯಿತು. ಆದರೆ ಜವಾನ ಆಗಲೇ ನನ್ನ ಭುಜ ಹಿಡಿದು ಅಮೀನನ ಮುಂದೆ ನಿಲ್ಲಿಸಿದ್ದ. ನಾನು ಒಂದೊಂದೇ ಮನೆಯ ಹೆಸರು ಹೇಳುತ್ತ ಬಂದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಇಷ್ಟು ದೊಡ್ಡ ಸಾಹೇಬರು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರಲ್ಲ. ನಮ್ಮ ಮನೆಯ ಸರದಿ ಬಂತು. ಅಜ್ಜಿಯ ಗಂಡ ಸಂಗಪ್ಪ, ಅವ್ವನ ಗಂಡ ಸೋಮಪ್ಪ, ಇಬ್ಬರೂ ಹೊಲದಲ್ಲಿದ್ದಾರೆ ಎಂದೆ. ಅವನು ಪೆನ್ಸಿಲನ್ನು ಚಿಗವ್ವನ ಕಡೆ ತಿರುಗಿಸಿ, ಈಕೆಯ ಗಂಡ ಎಂದ. ಅಮೀನ ಮನೆಮನೆಯಲ್ಲೂ ಹುಡುಕುತ್ತಿದ್ದುದು ಮಲ್ಲಪ್ಪ ಎಂಬವನನ್ನೇ ಎಂಬುದು ನನ್ನ ತಲೆಗೆ ಆಗ ಹೋಯಿತು. ಅವ್ವನ ಕಣ್ಣು ನೋಡಿದೆ, ಅಲ್ಲಿ ಏನೂ ಸಿಗಲಿಲ್ಲ. ಬೇರೆ ಹೆಸರು ಬೇಕು. ನನ್ನ ಹತ್ತಿರ ಹೆಸರುಗಳಿಗೆ ಬರವಿಲ್ಲ, ಆದರೆ ಪ್ರತಿಯೊಂದಕ್ಕೂ ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಮನೆ ಇತ್ತು. ಅರ್ಧದಷ್ಟನ್ನು ಅವನು ಆಗಲೇ ಬರೆದುಕೊಂಡಿದ್ದ. ಖಾಲಿ ಇದ್ದ ಹೆಸರು ಒಂದೇ. ಆ ಹೆಸರಿನವನನ್ನು ಯಾರೂ ಹಿಡಿದುಕೊಂಡು ಹೋಗಲಾರರು ಎಂಬುದೂ ನನ್ನ ಎಂಟು ವರ್ಷದ ಬುದ್ಧಿಗೆ ಹೊಳೆಯಿತು. ಸೊಂಟದ ಮೇಲೆ ಕೈಯಿಟ್ಟು, ಯಾವಾಗಲೂ ಹೇಳುವ ದನಿಯಲ್ಲೇ ಹೇಳಿದೆ:

"ಗುರುಶಾಂತಪ್ಪ. ಸೊಲ್ಲಾಪುರಕ್ಕ ಗಿರಣಿ ಕೆಲಸಕ್ಕ ಹೋಗ್ಯಾನ್ರಿ."

ಅಮೀನ ಬರೆಯಲಿಲ್ಲ. ಚಿಗವ್ವನನ್ನು ನೋಡಿ, ಹೌದೇನಮ್ಮಾ ಎಂದ. ಒಡಪಿನಲ್ಲೂ ಗಂಡನ ಹೆಸರು ಹೇಳದವಳು, ಅವನ ಒಂದು ದಿನ ಕಳೆದೀತೆಂದು ಹೂವಿನ ಹೆಸರನ್ನೂ ಬಿಟ್ಟವಳು, ಸತ್ತ ಪರಪುರುಷನ ಹೆಸರಿಗೆ ಹೌದು ಅನ್ನಬೇಕಾಗಿತ್ತು. ಅನ್ನದಿದ್ದರೆ ಅಜ್ಜನೂ ಅಪ್ಪನೂ ಸಂಜೆ ಮನೆಗೆ ಬರುವಂತಿರಲಿಲ್ಲ. ಆಕೆಯ ಸೆರಗು ಕೆಳಗೆ ಬಾಗಿತು, ಮೇಲೆದ್ದಿತು. ಅಮೀನನಿಗೆ ಅಷ್ಟು ಸಾಲಲಿಲ್ಲ. ಅವನು ಹಿಂದೆ ತಿರುಗಿ, ಎದುರು ಮನೆಯವರಿಗೆ ಎಲ್ಲ ಗೊತ್ತಿರುತ್ತದೆ ಎನ್ನುವಂತೆ ರುದ್ರವ್ವನನ್ನು ಕೇಳಿದ, ಆ ಹೆಸರಿನವನನ್ನು ನೀವು ಬಲ್ಲಿರಾ ಎಂದು. ಆಕೆ ಎದ್ದು ಒಳಗೆ ಹೋಗುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಬಲ್ಲೆನ್ರಿ," ಎಂದಳು ರುದ್ರವ್ವ. "ಈ ಕೈಯಾಗ ಆಡಿಸಿದ ಕೂಸು. ಭಾಳ ಛಲೋ ಹುಡುಗ. ಸೊಲ್ಲಾಪುರದಾಗ ಅದಾನ."

ಅಮೀನ ಬರೆದುಕೊಂಡ. ಮುಂದಿನ ಮನೆಗೆ ಹೋದ. ಹೊತ್ತು ಇಳಿಯುವ ಮುಂಚೆ ಓಣಿ ಬಿಟ್ಟು ಹೋದರು. ಅಜ್ಜನೂ ಅಪ್ಪನೂ ಹೊಲದಿಂದ ಬಂದು, ಕೈಕಾಲು ತೊಳೆದು, ಏನೂ ಆಗದವರಂತೆ ಉಂಡರು. ಅಜ್ಜ ನನ್ನ ತಾಟಿಗೆ ತನ್ನ ಬೆಣ್ಣೆಯನ್ನು ತೆಗೆದು ಹಾಕಿದ. ನಾನು ಹಿಗ್ಗಿ ಹೀರೆಕಾಯಿಯಾದೆ.

ಮರುದಿನ ಬೆಳಿಗ್ಗೆ ಚಿಗವ್ವ ತಲೆ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ದೇವರ ಜಗಲಿಯ ಮುಂದೆ ಕೂತಿದ್ದಳು. ನಾನು ಹತ್ತಿರ ಹೋದೆ, ಹೊಗಳುತ್ತಾಳೆಂದು. ಆಕೆ ನನ್ನತ್ತ ತಿರುಗಲಿಲ್ಲ.

"ಸತ್ತವನ ಹೆಸರು ತಂದು ನನ್ನ ಕೊರಳಿಗೆ ಕಟ್ಟಿದೆಲ್ಲ, ನೀಲಿ. ನಾನೂ ಹೌದ ಅಂದೆ."

ನಾನು ಏನು ಮಾಡಿದ್ದೇನೆಂದು ನನಗೆ ಆಗ ಗೊತ್ತಾಯಿತು. ಮುತ್ತೈದೆಯೊಬ್ಬಳನ್ನು ನಾಲ್ಕು ಜನರೆದುರು ಸತ್ತವನ ಹೆಂಡತಿ ಎಂದು ಬರೆಸಿದ್ದೆ. ಅಂದು ಅತ್ತಷ್ಟು ನಾನು ಮುಂದೆಂದೂ ಅತ್ತಿಲ್ಲ. ಅಜ್ಜಿ ನನ್ನ ಪಕ್ಷ ಹಿಡಿದು ಅಡುಗೆಮನೆಯಲ್ಲಿ ಜಗಳ ತೆಗೆದಳು, ಹುಡುಗಿ ಮನೆ ಉಳಿಸಿತಲ್ಲ, ಹೆಸರಿನದೇನು ದೊಡ್ಡದು ಎಂದು. ಹೆಸರಿಗಾಗಿ ಐವತ್ತು ವರ್ಷ ಸಂಗಟಿ ಎನ್ನದ ಅಜ್ಜಿಯ ಮಾತು ಇದು. ಚಿಗವ್ವ ಮೊದಲ ಸಲ ಎದುರಾಡಿದಳು:

"ಮನಿ ಉಳೀತ್ರಿ, ಅತ್ತಿ. ಅವರು ಉಳದಾರೇನ, ಯಾರ ಹೇಳ್ತಾರ?"

ಶಿಬಿರದಿಂದ ಸುದ್ದಿ ಬರುವುದು ನಿಂತೇ ಹೋಗಿತ್ತು. ಚಿಗವ್ವ ದಿನಕ್ಕೊಂದು ಹೊತ್ತು ಉಂಡಳು, ಬಿಳಿ ಹೂವು ಮುಡಿಯುವುದನ್ನು ಬಿಟ್ಟಳು, ನನ್ನ ಜೊತೆ ಮಾತು ಬಿಟ್ಟಳು. ನನ್ನ ಹೆಸರು ಹೇಳುವ ಕೆಲಸವೂ ಹೋಯಿತು, ಅಜ್ಜಿಯೇ ಬಿಡಿಸಿದಳು. ಓಣಿಯಲ್ಲಿ ಯಾರಾದರೂ ಕರೆದರೆ ಹಿತ್ತಲಲ್ಲಿ ಅಡಗುತ್ತಿದ್ದೆ. ಹೆಸರು ಬರೀ ಗಾಳಿ, ಯಾವುದನ್ನಾದರೂ ಯಾರಿಗಾದರೂ ಹಚ್ಚಬಹುದು ಎಂದು ಮುಂದೆ ಪಂಡಿತರು ವಾದಿಸಿದಾಗಲೆಲ್ಲ ನಾನು ಸೊಪ್ಪು ಹಾಕಿಲ್ಲ. ಅವರು ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಉಂಡವರಲ್ಲ.

ಚಿಗವ್ವನ ಬಿಗಿಯನ್ನು ಸ್ವಲ್ಪವಾದರೂ ಸಡಿಲಿಸಿದವಳು ರುದ್ರವ್ವ. ಒಂದು ಮಧ್ಯಾಹ್ನ ಮೊಸರಿನ ಗಡಿಗೆ ತಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ಚಿಗವ್ವ ಒಳಗಿಂದ ಬರಲಿಲ್ಲ. ರುದ್ರವ್ವ ಬಾಗಿಲಿಗೆ ಹೇಳುವವಳಂತೆ ಹೇಳಿದಳು:

"ನಿನಗ ಕೆಟ್ಟ ಆಗೇತಿ, ನನಗ ಗೊತ್ತೈತಿ. ಆದ್ರ ನೀ ಹೌದ ಅಂದಾಗ ನನ್ನ ಮಗ ಒಂದ ಗಳಿಗಿ ಸೊಲ್ಲಾಪುರದಾಗ ಇದ್ದನವ್ವಾ. ಕೆಲಸ ಮಾಡ್ಕೋತ ಇದ್ದ. ಮನಿಯಾಗ ಹೆಂಡತಿ ಇದ್ಳು."

ಬಹಳ ಹೊತ್ತಿನ ಮೇಲೆ ಚಿಗವ್ವ ಹೊರಗೆ ಬಂದು ಮೊಸರು ಇಸಿದುಕೊಂಡಳು. ಗಡಿಗೆಯನ್ನು ಖಾಲಿ ಕೊಡಬಾರದೆಂದು ಅದರಲ್ಲಿ ಒಂದು ಬೊಗಸೆ ನವಲಿಯ ಅಕ್ಕಿ ಹಾಕಿ ಕೊಟ್ಟಳು. ಆಮೇಲಿಂದ ಮೊಸರು ಬರುತ್ತಿತ್ತು, ಅಕ್ಕಿ ಹೋಗುತ್ತಿತ್ತು.

ಆಳಿಕೆ ಬದಲಾಯಿತು. ಸರಹದ್ದು ಹೋಯಿತು. ಅದಾದ ಎರಡು ವಾರಕ್ಕೆ ಕಾಕಾ ಬಂದ, ಗಡ್ಡ ಬಿಟ್ಟುಕೊಂಡು, ಅರ್ಧಕ್ಕೆ ಇಳಿದು, ನಡೆದೇ ಬಂದ. ಚಿಗವ್ವ ಅವನನ್ನು ನೋಡಿದವಳೇ ಅಡುಗೆಮನೆಗೆ ಓಡಿ ಕಂಬ ಹಿಡಿದುಕೊಂಡು ನಿಂತಳು. ಆಮೇಲೆ ಮೂಲೆಯಲ್ಲಿದ್ದ ನನ್ನನ್ನು ಎಳೆದು ಎದೆಗೆ ಒತ್ತಿಕೊಂಡಳು. ಉಸಿರು ಕಟ್ಟುವ ಹಾಗೆ ಒತ್ತಿಕೊಂಡಳು. ನಾಲ್ಕು ತಿಂಗಳಿಂದ ನನ್ನ ಮೇಲಿದ್ದ ಭಾರ ಇಳಿದದ್ದು ಆಗ.

ಮರುವರ್ಷ ಆಕೆ ನವಲಿಯಲ್ಲಿ ಗಂಡು ಹೆತ್ತು ಬಂದಳು. ತೊಟ್ಟಿಲು ನಮ್ಮ ಪಡಸಾಲೆಯಲ್ಲೇ ಕಟ್ಟಿದರು. ಅಜ್ಜ ತನ್ನ ತಂದೆಯ ಹೆಸರನ್ನು ಗೊತ್ತು ಮಾಡಿ ಇಟ್ಟಿದ್ದ. ಸೋದರತ್ತೆ ಕೂಸಿನ ಕಿವಿಗೆ ಬಾಗಬೇಕೆನ್ನುವಾಗ ಚಿಗವ್ವ ತಡೆದು, ಗುರುಶಾಂತ ಅನ್ನಿರಿ ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಸತ್ತವನ ಹೆಸರು, ಅದೂ ಬೇರೆ ಮನೆಯವನದು, ಅದೂ ಹರೆಯದಲ್ಲಿ ಹೋದವನದು ಎಂದು ಅಜ್ಜಿ ಬೆದರಿದಳು. ಕಾಕಾನಿಗೆ ಎಲ್ಲ ತಿಳಿದಿತ್ತು, ಅವನು ತಡೆಯಲಿಲ್ಲ. ಚಿಗವ್ವ ದನಿ ಏರಿಸಲಿಲ್ಲ.

"ಆ ಹೆಸರಿಗೆ ನಾ ಒಮ್ಮಿ ಹೌದ ಅಂದೀನ್ರಿ, ಅತ್ತಿ. ಇನ್ನ ಇಲ್ಲ ಅನ್ನಾಕ ಆಗೂದಿಲ್ಲ."

ರುದ್ರವ್ವ ಅಂದು ಬಂದಿರಲಿಲ್ಲ. ಹೆಸರು ಆಕೆಗೆ ತಲುಪಿತ್ತು, ಓಣಿಯಲ್ಲಿ ಯಾವ ಸುದ್ದಿ ತಾನೇ ನಿಲ್ಲುತ್ತದೆ. ಎರಡು ದಿನ ಆಕೆಯ ಬಾಗಿಲು ಹಾಕಿಯೇ ಇತ್ತು. ಆಮೇಲೆ ಮೊಸರಿನ ಗಡಿಗೆ ಮತ್ತೆ ಬಂತು, ಹೆಸರಿನ ಮಾತು ಬರಲಿಲ್ಲ. ಆಕೆ ಕೂಸನ್ನು ಕೂಸು ಅನ್ನುತ್ತಿದ್ದಳು, ನಾವು ಆಕೆಯ ಎದುರು ಹಾಗೇ ಅನ್ನುತ್ತಿದ್ದೆವು. ಹುಡುಗ ತೆವಳಿದ, ನಿಂತ, ನಡೆದ. ನಡೆಯಲು ಬಂದ ಮೇಲೆ ಹೊಸ್ತಿಲಲ್ಲಿ ನಿಲ್ಲುವ ಜಾತಿಯಲ್ಲ ಅದು. ಒಂದು ಮಧ್ಯಾಹ್ನ ಎಲ್ಲೂ ಕಾಣಲಿಲ್ಲ. ದನದ ಕಾಲ ಸಂದಿ ನೋಡಿದೆವು, ಹಿತ್ತಲು ನೋಡಿದೆವು. ಚಿಗವ್ವ ಗಾಬರಿಯಲ್ಲಿ ಎಲ್ಲ ಮರೆತು ಬೀದಿಗೆ ಬಂದು, ಗುರುಶಾಂತಾ, ಗುರುಶಾಂತಾ ಎಂದು ಓಣಿ ತುಂಬ ಕೇಳುವಂತೆ ಕೂಗಿದಳು. ಕೂಗಿದ ಮೇಲೆ ಬಾಯಿಗೆ ಕೈ ಹಚ್ಚಿಕೊಂಡಳು. ಬಾಗಿಲುಗಳಲ್ಲಿದ್ದ ಹೆಂಗಸರೆಲ್ಲ ಎದುರು ಮನೆಯ ಕಡೆ ನೋಡಿದರು. ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ರುದ್ರವ್ವನ ದನಿ ಬಂತು.

"ಇಲ್ಲೇ ಅದಾನ ತಗೋ ನಮ್ಮ ಗುರುಶಾಂತ. ಉಣ್ಣಾಕತ್ತಾನ."